ಅಂದದ್ದು, ಬರೆದದ್ದು

ನನ್ನ ಕೈಬರಹ ಚೆನ್ನಾಗಿತ್ತು, ವೇಗವೂ ಇತ್ತು. ಈ ಒಂದು ಹೆಚ್ಚುಗಾರಿಕೆ ಇಲ್ಲದೇ ಹೋಗಿದ್ದರೆ ನನ್ನ ಗೆಳೆಯ ಜೈಲಿಗೆ ಹೋಗುತ್ತಿರಲಿಲ್ಲ. ಇದನ್ನು ಹೊಗಳಿಕೊಳ್ಳುವುದಕ್ಕೆ ಹೇಳುತ್ತಿಲ್ಲ, ಹೊಟ್ಟೆ ಉರಿದು ಹೇಳುತ್ತಿದ್ದೇನೆ.

ಮೂವತ್ತರ ದಶಕ ಮುಗಿಯುತ್ತ ಬಂದಿತ್ತು. ಮದ್ದೂರಿಗೂ ಮಳವಳ್ಳಿಗೂ ನಡುವಿನ ಒಂದೂರಿನಲ್ಲಿ ನಾನು ಸರ್ಕಾರಿ ಶಾಲೆಯ ಮೇಷ್ಟರು. ಹುಡುಗರ ವ್ಯಾಕರಣ ತಿದ್ದುವುದೇ ನನಗೆ ಅನ್ನ, ಅದೇ ನನ್ನ ಚಟ. ದಾರಿಯಲ್ಲಿ ಹೋಗುವವರು ತಪ್ಪು ಮಾತಾಡಿದರೂ ನನಗೆ ನಾಲಗೆ ತುರಿಸುತ್ತಿತ್ತು. ಆ ದಿನಗಳಲ್ಲಿ ಊರು ಎರಡಾಗಿ ಸೀಳಿಹೋಗಿತ್ತು. ಬಿಳೀ ಟೋಪಿ ಹಾಕಿದವರದ್ದು ಒಂದು ಪಕ್ಷ, ಸರ್ಕಾರದ ಕಡೆಯವರದ್ದು ಇನ್ನೊಂದು. ಹೋಟೆಲಿನಲ್ಲಿ ಇವರ ಬೆಂಚಿನಲ್ಲಿ ಅವರು ಕೂರುತ್ತಿರಲಿಲ್ಲ. ಒಬ್ಬನೇ ಕ್ಷೌರದವನ ಕೈಗೆ ಎರಡು ಕಡೆಯವರೂ ತಲೆ ಕೊಡುತ್ತಿರಲಿಲ್ಲ. ಒಬ್ಬನ ಹುಲ್ಲಿನ ಮೆದೆಗೆ ಬೆಂಕಿ ಬಿದ್ದರೆ ಇನ್ನೊಬ್ಬನ ಬಾಗಿಲಿಗೆ ಸಗಣಿ ಬೀಳುತ್ತಿತ್ತು. ಅಣ್ಣತಮ್ಮಂದಿರ ಹಾಗೆ ಬಾಳಿದವರು ಬೀದಿಯಲ್ಲಿ ಒಬ್ಬರ ತಾಯಿಯನ್ನು ಇನ್ನೊಬ್ಬರು ಬೈಯುತ್ತಿದ್ದರು. ತಮಾಷೆಯೆಂದರೆ, ಬಾಯಿಗೆ ಬಂದಂತೆ ಬೈಯುವವರೇ ತಮಗೆ ಮರ್ಯಾದೆ ಸಾಲದೆಂದು ಕುದಿಯುತ್ತಿದ್ದರು.

ನನ್ನ ಗೆಳೆಯ ಕೊಪ್ಪದ ಕಡೆಯ ರೈತ. ಮದ್ದೂರಿನ ಶಾಲೆಯಲ್ಲಿ ಇಬ್ಬರೂ ಒಂದೇ ಬೆಂಚಿನಲ್ಲಿ ಕೂತು ಓದಿದವರು. ನಾನು ಮೇಷ್ಟರಾದ ಮೇಲೂ ಅವನು ನನ್ನನ್ನು ‘ಲೇ’ ಎಂದೇ ಕರೆಯುತ್ತಿದ್ದ. ಅವನ ತಾಯಿ ಮಾತ್ರ ನಾನು ಚಡ್ಡಿ ಹಾಕುವ ಕಾಲದಿಂದಲೂ ‘ಐನೋರೆ’ ಎನ್ನುತ್ತಿದ್ದಳು. ನಾನು ಹೋದಾಗಲೆಲ್ಲ ಆಕೆ ಒಂದು ಲೋಟ ಹಾಲು ಕೊಡುವಳು. ಹಾಲಿಗೆ ಮೈಲಿಗೆಯಿಲ್ಲವೆಂದು ನಮ್ಮ ಮನೆಯಲ್ಲೂ ಸುಮ್ಮನಿರುತ್ತಿದ್ದರು. ಬೇಗ ಗಂಡನನ್ನು ಕಳೆದುಕೊಂಡ ಆಕೆಗೆ ಈ ಮಗನೊಬ್ಬನೇ ದಿಕ್ಕು.

ಅವನು ಟೋಪಿ ಹಾಕಿದ. ನಾನು ಸರ್ಕಾರದ ಸಂಬಳ ತಿನ್ನುವವನು. ಒಂದು ದಿನ ಹೋಟೆಲಿನಲ್ಲಿ ನಾನು ಕಂದಾಯದ ಶೇಕ್ದಾರರ ಎದುರು ಕೂತು ಕಾಫಿ ಕುಡಿಯುತ್ತಿದ್ದಾಗ ಅವನು ಬಾಗಿಲಲ್ಲೇ ನಿಂತು, “ಲೇ, ಎಂಜಲು ಕಾಫಿ ಬೋ ರುಚಿಯಾಗ್ ಅದೇನ್ಲಾ?” ಎಂದ. ಬೆಂಚುಗಳೆರಡೂ ನಕ್ಕವು. ಶೇಕ್ದಾರರು ಲೋಟ ಕೆಳಗಿಟ್ಟು ನನ್ನ ಮುಖ ನೋಡಿದರು. “ನಾಲಗೆ ಬಿಗಿಹಿಡಿದು ಮಾತಾಡು” ಎಂದು ನಾನು ಗದರಿಸಿದೆ. ನಮ್ಮಿಬ್ಬರ ಮಾತು ಅಲ್ಲಿಗೆ ನಿಂತಿತು.

ಅದಾದ ವಾರಕ್ಕೆ ಸಂತೆಮಾಳದಲ್ಲಿ ಟೋಪಿಯವರ ಸಭೆ. ಭಾಷಣವನ್ನು ಬರೆದುಕೊಂಡು ಮೇಲಿನವರಿಗೆ ಕಳಿಸಬೇಕೆಂದು ಹುಕುಂ ಬಂದಿತ್ತು. ಪೊಲೀಸ್ ದಫೇದಾರನಿಗೆ ತನ್ನ ಹೆಸರು ಬರೆಯುವಷ್ಟರಲ್ಲಿ ಬೆವರು ಕಿತ್ತುಕೊಳ್ಳುತ್ತಿತ್ತು. ಅವನು ಶಾಲೆಗೆ ಬಂದು, “ಮೇಷ್ಟ್ರೆ, ಊರ್ನಾಗೆ ಬಿರ್ರನೆ ಬರ್ಯೋರು ನೀವೊಬ್ರೆಯ. ನೀವೇ ಬರ್ಕೊಡ್ಬೇಕು” ಎಂದ. ಆಗುವುದಿಲ್ಲ ಎನ್ನಬಹುದಿತ್ತು. ಅನ್ನಲಿಲ್ಲ. ಹೊಗಳಿಕೆಗೆ ಉಬ್ಬಿದ್ದೆ ಎಂಬುದನ್ನೂ ಹೇಳಿಬಿಡುತ್ತೇನೆ.

ಮಧ್ಯಾಹ್ನದ ಬಿಸಿಲಿನಲ್ಲಿ ಒಂದು ಗಾಡಿಯ ನೆರಳಿಗೆ ಕೂತು ನೋಟುಬುಕ್ಕು ತೆರೆದೆ. ಮೂರನೆಯವನಾಗಿ ಅವನು ಎದ್ದ. ನಾಲೆ ನೀರು ಬಿಡುವ ಅಧಿಕಾರಿಗಳ ಮೇಲೆ ಅವನ ಸಿಟ್ಟು. “ಸಾಹೇಬ್ರು ಬಂದ್ರು, ಕುಂತ್ರು, ತಿಂದ್ರು, ಓದ್ರು. ನೀರು ಮಾತ್ರ ಬರ್ಲಿಲ್ಲ” ಎಂದ. ಜನ ನಕ್ಕರು. ಆಮೇಲೆ ದನಿ ತಗ್ಗಿಸಿ ಹೇಳಿದ:

“ನಮ್ ದೊರೆ ಒಳ್ಳೇವ್ನು ಕಣ್ರಪ್ಪ. ಅವ್ನ್ಗೂ ಕಣ್ಣವೆ, ಕಿವಿ ಅವೆ. ಸುತ್ತ ಇರೋ ಸಾಹೇಬ್ರು ಕಿವಿಗೆ ಅತ್ತಿ ತುರ್ಕವ್ರೆ. ಅವ್ನೊಂದ್ ಸಲ ಇಲ್ಲಿಗಂಟ ಬರ್ಲಿ. ಏರಿ ಮ್ಯಾಲೆ ನಮ್ ಜೊತೆ ಕುಂತ್ಕಂಡು ಒಂದ್ ಮುದ್ದೆ ಉಣ್ಲಿ. ಉಂಡ್ಬುಟ್ಟು ಅವ್ನೇನ್ ಯೋಳ್ತಾನೋ ಯೋಳ್ಲಿ, ತಲೆ ಮ್ಯಾಲೆ ಒತ್ಕಂಡ್ ನಡೆಸ್ತೀವಿ.”

ಕೇಳಿದವರ ಕಣ್ಣು ತೇವವಾಗಿತ್ತು. ನನ್ನದೂ ಆಗಿತ್ತು. ನಮ್ಮ ಸೀಮೆಯಲ್ಲಿ ಹೆದರಿಕೆಯಿದ್ದವರಿಗೆ ಬಹುವಚನ, ಪ್ರೀತಿಯಿದ್ದವರಿಗೆ ಏಕವಚನ. ಮಳೆರಾಯ ಬಂದ ಎನ್ನುತ್ತಾರೆ, ಮುತ್ತತ್ತಿರಾಯ ಕಾಪಾಡಿದ ಎನ್ನುತ್ತಾರೆ. ತಾಲ್ಲೂಕಿನ ಅಮಲ್ದಾರರು ಮಾತ್ರ ಬಂದರು, ಹೋದರು. ಅವನು ದೊರೆಯನ್ನು ದೇವರ ಸಾಲಿಗೆ ಸೇರಿಸಿ ಮಾತಾಡಿದ್ದ.

ಮಾರನೆಯ ಬೆಳಿಗ್ಗೆ ಶಾಲೆಯ ಗಂಟೆ ಹೊಡೆಯುವ ಮುಂಚೆ ಕೂತು ಆ ಭಾಷಣವನ್ನು ನಕಲು ಮಾಡಿದೆ. ಮೇಷ್ಟರ ಕೈ ಸುಮ್ಮನಿದ್ದೀತೇ? ಬಿಟ್ಟುಹೋದ ಹಕಾರಗಳನ್ನೆಲ್ಲ ಸೇರಿಸಿದೆ. ‘ಯೋಳ್ತಾನೆ’ಯನ್ನು ‘ಹೇಳುತ್ತಾನೆ’ ಮಾಡಿದೆ. “ನಮ್ಮ ದೊರೆ ಒಳ್ಳೆಯವನು. ಅವನಿಗೂ ಕಣ್ಣುಗಳಿವೆ, ಕಿವಿಗಳಿವೆ. ಸುತ್ತ ಇರುವ ಸಾಹೇಬರು ಕಿವಿಗೆ ಹತ್ತಿ ತುರುಕಿದ್ದಾರೆ. ಅವನೊಮ್ಮೆ ಇಲ್ಲಿಗೆ ಬರಲಿ. ಏರಿಯ ಮೇಲೆ ನಮ್ಮೊಡನೆ ಕುಳಿತು ಒಂದು ಮುದ್ದೆ ಉಣ್ಣಲಿ. ಉಂಡು ಅವನೇನು ಹೇಳುತ್ತಾನೋ ಹೇಳಲಿ, ತಲೆಯ ಮೇಲೆ ಹೊತ್ತು ನಡೆಸುತ್ತೇವೆ.” ಒಂದು ಮಾತು ಸೇರಿಸಲಿಲ್ಲ, ಒಂದು ಮಾತು ಬಿಡಲಿಲ್ಲ. ಆದರೆ ಆ ಮಾತಿನ ಮೈಮೇಲಿದ್ದ ಅವನ ಊರಿನ ಬಟ್ಟೆಯನ್ನು ಬಿಚ್ಚಿ ಪುಸ್ತಕದ ಬಟ್ಟೆ ತೊಡಿಸಿದ್ದೆ. ಪುಸ್ತಕದ ಕನ್ನಡದಲ್ಲಿ ದೊರೆಯನ್ನು ‘ಅವನು’ ಎಂದರೆ ಅದು ಪ್ರೀತಿಯಲ್ಲ, ಸವಾಲು.

ಅಷ್ಟೆಲ್ಲ ತಿದ್ದಿದವನು ‘ಅವನು’ ಇದ್ದಲ್ಲಿ ‘ಅವರು’ ಎಂದು ಯಾಕೆ ತಿದ್ದಲಿಲ್ಲ? ಒಂದಕ್ಷರದ ಕೆಲಸ. ಅದನ್ನು ಬರೆಯುವಾಗ ಲೇಖನಿ ಒಂದು ಗಳಿಗೆ ನಿಂತದ್ದು ನನಗೆ ನೆನಪಿದೆ. ಆಡಿದ್ದನ್ನು ಆಡಿದಂತೆ ಬರೆಯುವುದು ಧರ್ಮವೆಂದು ನನಗೆ ನಾನೇ ಹೇಳಿಕೊಂಡೆ. ಆದರೆ ಹೋಟೆಲಿನ ಆ ನಗು ಇನ್ನೂ ಕಿವಿಯಲ್ಲಿತ್ತು. ಧರ್ಮ ಎಷ್ಟು, ಸೇಡು ಎಷ್ಟು ಎಂದು ಬೇರೆ ಮಾಡಲು ನನಗೆ ಇಂದಿಗೂ ಆಗಿಲ್ಲ.

ಎರಡು ವಾರದಲ್ಲಿ ಅವನನ್ನು ಹಿಡಿದುಕೊಂಡು ಹೋದರು. ದೊರೆಗಳನ್ನು ಹೀನಾಯವಾಗಿ ನಿಂದಿಸಿದ್ದಾನೆ ಎಂಬುದು ಆರೋಪ. ವಿಚಾರಣೆ ಮಂಡ್ಯದಲ್ಲಿ. ತೀರ್ಪು ಕೊಡಲು ದೂರದ ಊರಿನಿಂದ ಬಂದಿದ್ದ ಅಧಿಕಾರಿಯಷ್ಟು ಮೆದುವಾಗಿ ಮಾತಾಡುವವರನ್ನು ನಾನು ಕಂಡಿರಲಿಲ್ಲ. ಕಟಕಟೆಯಲ್ಲಿ ನಿಂತವನನ್ನೂ ‘ನೀವು’ ಎನ್ನುತ್ತಿದ್ದರು. ನನ್ನನ್ನು ಕರೆದು ಕಾಗದ ತೋರಿಸಿದರು.

“ಇದು ನೀವು ಬರೆದದ್ದೇ?”

“ಹೌದು.”

“ಅವರು ಹೇಳದ ಮಾತು ಇದರಲ್ಲಿ ಏನಾದರೂ ಇದೆಯೇ?”

“ಇಲ್ಲ ಸ್ವಾಮಿ. ಆದರೆ ನಮ್ಮ ಕಡೆ ದೇವರನ್ನೂ ಏಕವಚನದಲ್ಲೇ...”

“ಕೇಳಿದ್ದಕ್ಕಷ್ಟೇ ಉತ್ತರ ಕೊಡಿ ಮೇಷ್ಟರೇ.”

ಕೂಗಿ ಹೇಳಬೇಕಿತ್ತು. ಅಲ್ಲಿದ್ದ ಜವಾನನನ್ನೇ ಕರೆದು, ನಿನ್ನ ಮನೆದೇವರನ್ನು ಹೇಗೆ ಕರೆಯುತ್ತೀಯಪ್ಪ ಎಂದು ಕೇಳಿಸಬೇಕಿತ್ತು. ನನಗೆ ಮೂರು ಮಕ್ಕಳಿದ್ದವು, ಕೆಲಸ ಸರ್ಕಾರದ್ದು. ಕೈಮುಗಿದು ಹಿಂದಕ್ಕೆ ಸರಿದೆ.

ಅಧಿಕಾರಿಗಳು ಅವನ ಕಡೆ ತಿರುಗಿ, ತಪ್ಪಾಯಿತೆಂದು ಬರೆದುಕೊಟ್ಟರೆ ಬಿಟ್ಟುಬಿಡುವುದಾಗಿ ಹೇಳಿದರು. ಅವನು ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. “ನಾ ಬೈಲಿಲ್ಲ ಸ್ವಾಮಿ. ಬೈದೇ ಇದ್ದಿದ್ಕೆ ತಪ್ಪಾಯ್ತು ಅಂದ್ರೆ ಬೈದಂಗೇ ಆಯ್ತದಲ್ಲ” ಎಂದ. ಅವನಿಗೆ ‘ನೀವು’ ಎನ್ನುತ್ತಲೇ ಆರು ತಿಂಗಳು ಹಾಕಿದರು.

ತಿಂಗಳು ಕಳೆದ ಮೇಲೆ ಅವನ ತಾಯಿ ನನ್ನ ಮನೆಗೆ ಬಂದಳು. ಮುತ್ತತ್ತಿಗೆ ನಡೆದುಹೋಗಿ ಬಂದಿದ್ದಳು, ಕಾಲು ಬಾತಿತ್ತು. ಆಕೆಗೆ ನನ್ನ ಮೇಲೆ ಕೋಪವಿರಲಿಲ್ಲ. ಸರ್ಕಾರ ಬರೆ ಎಂದಿತು, ಐನೋರು ಬರೆದರು, ಅಷ್ಟೇ ಆಕೆಯ ಲೆಕ್ಕ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

“ಮುತ್ತತ್ತಿರಾಯಂಗೆ ಯೋಳಿ ಬಂದಿವ್ನಿ. ದೊರೆಗೂ ಒಂದ್ ಮಾತ್ ಯೋಳ್ಬೇಕು. ಒಂದ್ ಕಾಗ್ದ ಬರ್ಕೊಡಿ ಐನೋರೆ.”

ಏನು ಬರೆಯಲಿ ಎಂದೆ. ಆಕೆ ಗೋಡೆಗೆ ಒರಗಿ ಕೂತು, ದೊರೆ ಎದುರಿಗೇ ಇದ್ದಾನೆ ಎಂಬಂತೆ ಹೇಳಿದಳು. “ನೋಡಪ್ಪ, ನೀನೂ ಒಬ್ಬ ತಾಯಿ ಒಟ್ಟೇಲಿ ಉಟ್ದೋನು. ನನ್ ಮಗ ನಿನ್ನ ಬೈಲಿಲ್ಲ. ನಮ್ಮೋನು ಅಂದ್ಕಂಡು ಅಂಗಂದ. ಬೈದಿದ್ರೆ ನಾನೇ ಅವನ್ ಅಲ್ಲುದುರುಸ್ತಿದ್ದೆ. ಅವ್ನ ಬುಟ್ಬುಡು.”

ಹಾಗೆಯೇ ಬರೆದಿದ್ದರೆ ಏನಾಗುತ್ತಿತ್ತೋ. ಇನ್ನೊಂದು ಏಕವಚನ ಕಳಿಸಿ ಈ ಮುದುಕಿಯನ್ನೂ ಒಳಗೆ ಹಾಕಿಸುತ್ತೇನೇನೋ ಎಂದು ಹೆದರಿದೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದುಕೊಂಡೆ. ಅರ್ಜಿಗೆ ಒಂದು ರೀತಿಯಿತ್ತು, ಆ ರೀತಿಯಲ್ಲೇ ಬರೆದೆ. ಮಹಾಸ್ವಾಮಿಯವರ ದಿವ್ಯ ಪಾದಗಳಿಗೆ ಸಾಷ್ಟಾಂಗ ಎರಗಿ, ನನ್ನ ಮಗನು ಅಜ್ಞಾನದಿಂದ ಆಡಿದ ದುರ್ಭಾಷೆಗಾಗಿ ಅವನ ಪರವಾಗಿ ತಪ್ಪೊಪ್ಪಿಕೊಂಡು ಕ್ಷಮೆ ಬೇಡುತ್ತೇನೆ, ಎಂದು.

“ಒಂದ್ಸಲ ಓದಿ ಯೋಳಿ” ಎಂದಳು.

ನಾನು ಕಾಗದವನ್ನು ಎದುರಿಗೆ ಹಿಡಿದುಕೊಂಡು ಆಕೆ ಹೇಳಿದ ಮಾತುಗಳನ್ನೇ ಬಾಯಿಪಾಠ ಒಪ್ಪಿಸಿದೆ. ಹಲ್ಲುದುರಿಸುವ ಮಾತು ಬಂದಾಗ ಆಕೆ ನಕ್ಕಳು. ಹೆಬ್ಬೆಟ್ಟಿಗೆ ಮಸಿ ಹಚ್ಚಿ ಒತ್ತಿದಳು. ಇದಕ್ಕಿಂತ ನೀಚ ಕೆಲಸವನ್ನು ನಾನು ಜೀವಮಾನದಲ್ಲಿ ಮಾಡಿಲ್ಲ, ಆದರೆ ಅಂದು ಅದನ್ನು ಉಪಕಾರವೆಂದೇ ತಿಳಿದಿದ್ದೆ.

ಅರ್ಜಿ ಫಲಿಸಿತು. ಮೂರನೆಯ ತಿಂಗಳಿಗೆ ಅವನನ್ನು ಬಿಟ್ಟರು. ಅವನು ಊರು ಸೇರುವ ಮುಂಚೆಯೇ ಅರ್ಜಿಯ ನಕಲು ಸರ್ಕಾರದ ಕಡೆಯವರ ಕೈ ಸೇರಿತ್ತು. ಅದನ್ನು ಸಂತೆಯಲ್ಲಿ ಗಾಡಿಯ ಮೇಲೆ ನಿಂತು ಓದಿದರು. ‘ದುರ್ಭಾಷೆ’ ಎಂಬಲ್ಲಿಗೆ ಬಂದಾಗ ಎರಡೆರಡು ಸಲ ಓದಿದರು. ಅವ್ವನ ಸೆರಗು ಹಿಡಿದು ಆಚೆ ಬಂದವನು ಎಂದು ಅವರು ನಕ್ಕರೆ, ಅವನಿಗೆ ಹಾರ ಹಾಕಲು ಕಾದಿದ್ದ ಟೋಪಿಯವರು ಹಾರವನ್ನು ಬಾವಿಗೆ ಎಸೆದು ಅವನ ಜೊತೆ ಮಾತು ಬಿಟ್ಟರು. ಅತ್ತ ದರಿ ಇತ್ತ ಪುಲಿ ಎಂಬುದು ಅವನ ಪಾಲಿಗೆ ಬರೀ ಗಾದೆಯಾಗಿ ಉಳಿಯಲಿಲ್ಲ. ಹೋಟೆಲಿನ ಎರಡು ಬೆಂಚಿನಲ್ಲೂ ಅವನಿಗೆ ಜಾಗವಿರಲಿಲ್ಲ.

ಒಂದು ಭಾನುವಾರ ಮಧ್ಯಾಹ್ನ ತಾಯಿ ಮಗ ಇಬ್ಬರೂ ನಮ್ಮ ಮನೆಯ ಜಗಲಿಯ ಕೆಳಗೆ ಬಂದು ನಿಂತರು. ಅವನು ಸೊರಗಿ ಹೋಗಿದ್ದ. ಮೇಲೆ ಬಾ ಎಂದೆ, ಬರಲಿಲ್ಲ.

“ಮೇಷ್ಟ್ರೆ, ಒಂದ್ ಮಾತ್ ಕೇಳ್ಕಂಡ್ ಓಗಾಣ ಅಂತ ಬಂದೊ. ಅವ್ವ ತಪ್ಪಾಯ್ತು ಅಂತ ಅನ್ನೇ ಇಲ್ಲ ಅಂತಾವ್ಳೆ. ನೀವು ಅಂದಿದ್ನೇ ಬರ್ಯೋರು, ಒಂದಕ್ಸರ ಆಚೆ ಈಚೆ ಮಾಡಾಕಿಲ್ಲ. ನನ್ ಕೇಸ್ನಾಗೇ ಕಂಡಿವ್ನಲ್ಲ. ನೀವೇ ಯೋಳಿ. ಅವ್ವ ಅಂದ್ಲಾ, ಅನ್ಲಿಲ್ವಾ?”

ಅವನು ಚುಚ್ಚುತ್ತಿದ್ದಾನೆಯೇ ಎಂದು ಮುಖ ನೋಡಿದೆ. ಇಲ್ಲ, ನಿಜವಾಗಿ ನಂಬಿದ್ದ. ಅವನನ್ನು ಜೈಲಿಗೆ ಕಳಿಸಿದ ನನ್ನ ನಿಯತ್ತಿನ ಮೇಲೆ ಅವನಿಗೆ ತಾಯಿಯ ಮಾತಿಗಿಂತ ಹೆಚ್ಚು ನಂಬಿಕೆಯಿತ್ತು.

ಸುಳ್ಳು ಅರ್ಜಿ ಬರೆದೆ ಎಂದರೆ ನನ್ನ ಕೆಲಸ ಹೋಗುತ್ತಿತ್ತು, ಅವನನ್ನು ಮತ್ತೆ ಒಳಗೆ ಹಾಕಿದರೂ ಹಾಕುತ್ತಿದ್ದರು. ಆ ಎರಡನೆಯದನ್ನು ಮುಂದೆ ಮಾಡಿಕೊಂಡು ಮೊದಲನೆಯದಕ್ಕೆ ಹೆದರುತ್ತಿದ್ದೆ. ಜಗಲಿಯ ಕಂಬದ ಸುಣ್ಣವನ್ನು ಉಗುರಿನಿಂದ ಕೆರೆಯತೊಡಗಿದೆ. ಆಕೆ ನನ್ನನ್ನೇ ನೋಡುತ್ತಿದ್ದಳು. ಏನು ನಡೆದಿರಬೇಕು ಎಂಬುದು ಆಕೆಗೆ ಆ ಹೊತ್ತಿನಲ್ಲೇ ತಿಳಿಯಿತು. ಅದು ತಿಳಿದದ್ದು ನನಗೂ ಕಂಡಿತು.

“ಐನೋರ್ನ ಯಾಕ್ಲಾ ಕೇಳೀಯ?” ಎಂದಳು. “ಅಂದೆ ಕಣ್ಲಾ. ನೀ ಬೈಯ್ತೀಯ ಅಂತ ಅನ್ನಿಲ್ಲ ಅಂದಿದ್ದೆ. ನಾನೇ ಅಂದೆ.”

ಅವನು ಹೆಗಲ ಮೇಲಿನ ಟವಲು ಕೊಡವಿ ತಿರುಗಿ ನೋಡದೆ ಹೊರಟುಹೋದ. ಆಕೆ ಒಂದು ಗಳಿಗೆ ಹಿಂದೆ ಉಳಿದಳು.

“ಬುಡಿ ಐನೋರೆ. ನೀವು ಮಕ್ಳೊಂದಿಗ್ರು. ಎಂಗೋ ಅವ್ನು ಮನೇಗ್ ಬಂದ್ನಲ್ಲ” ಎಂದು ಹೇಳಿ, ಬಾತ ಕಾಲನ್ನು ಎಳೆದುಕೊಂಡು ಮಗನ ಹಿಂದೆ ನಡೆದಳು.

ಆ ದಿನದಿಂದ ಅವನು ತಾಯಿಯೊಡನೆ ಮಾತಾಡಲಿಲ್ಲ. ಆಕೆ ಬೇಯಿಸಿದ್ದನ್ನು ಉಣ್ಣುತ್ತಿದ್ದ, ಆಕೆಗೆ ನೀರು ಸೇದಿ ಇಡುತ್ತಿದ್ದ, ಮಾತು ಮಾತ್ರ ಇಲ್ಲ. ಸಭೆಗಳಿಗೂ ಹೋಗಲಿಲ್ಲ. ಯಾರಾದರೂ ಏನಾದರೂ ಕೇಳಿದರೆ, “ನಂಗೆ ಮಾತಾಡಾಕ್ ಬರಾಕಿಲ್ಲ ಸ್ವಾಮಿ” ಎನ್ನುತ್ತಿದ್ದನಂತೆ. ಹೇಳಿಬಿಡಬೇಕು ಎಂದು ನಾನು ಎರಡು ಸಲ ಕೊಪ್ಪದ ದಾರಿ ಹಿಡಿದೆ. ಎರಡು ಸಲವೂ ಅರ್ಧದಾರಿಯಿಂದ ಹಿಂದಿರುಗಿದೆ. ನಾಳೆ ಹೇಳುತ್ತೇನೆ, ಗದ್ದೆ ಕೆಲಸ ಮುಗಿಯಲಿ, ಊರಿನ ಗಲಾಟೆ ತಣ್ಣಗಾಗಲಿ, ಹೀಗೆ ದಿನ ತಳ್ಳಿದೆ.

ಮರುವರ್ಷ ಸುಗ್ಗಿಯ ಹೊತ್ತಿಗೆ ಆಕೆ ತೀರಿಕೊಂಡಳು. ಮಣ್ಣಿಗೆ ನಾನೂ ಹೋಗಿದ್ದೆ. ಊರಿನ ಎರಡು ಪಕ್ಷದವರೂ ಬಂದಿದ್ದರು, ಬೇರೆ ಬೇರೆ ನಿಂತಿದ್ದರು. ಅವರೆಲ್ಲ ಹೊರಟ ಮೇಲೆ ಅವನು ಹಸಿಮಣ್ಣಿನ ಹತ್ತಿರ ಕುಕ್ಕುರುಗಾಲಿನಲ್ಲಿ ಕೂತಿದ್ದ. ನಾನು ಹೋಗಿ ಪಕ್ಕದಲ್ಲಿ ನಿಂತೆ. ಈಗಲಾದರೂ ಹೇಳಬೇಕೆಂದೇ ಹೋಗಿದ್ದೆ, ದೇವರಾಣೆಗೂ.

ಅವನು ನೆಲ ನೋಡುತ್ತಲೇ ಮಾತಾಡಿದ. “ಅವ್ವ ಅಂಗ್ ಅನ್ಬಾರ್ದಾಗಿತ್ತು ಮೇಷ್ಟ್ರೆ. ಅಲ್ವಾ?”

ನಾನು “ಹೂಂ” ಎಂದೆ.