ಬೆಳಗಿನ ಫೋನಿನ ಹೆಂಗಸು

ಎರಡು ಸಾವಿರದ ದಶಕದ ನಡುವಿನ ಮಾತು. ಬೆಂಗಳೂರಿನ ವಿಜಯನಗರದ ನಮ್ಮ ಬಾಡಿಗೆ ಮನೆಯಲ್ಲಿ ನಾನು ದೋಸೆ ಹುಯ್ಯುವ ಹೊತ್ತಿಗೆ ಸರಿಯಾಗಿ ನನ್ನ ಗಂಡನ ಮೊಬೈಲು ಬಡಿದುಕೊಳ್ಳುತ್ತಿತ್ತು. ಆ ಕಡೆ ತಜಿಕಿಸ್ತಾನದ ಒಬ್ಬ ಹೆಂಗಸು. ಅವಳಿಗೆ ಇಂಗ್ಲಿಷು ಅಷ್ಟಕ್ಕಷ್ಟೇ. ಅದಕ್ಕೇ ಇವರು ಒಂದೊಂದು ಮಾತನ್ನೂ ಬಿಡಿಸಿ, ಸಮಾಧಾನವಾಗಿ ಹೇಳುತ್ತಿದ್ದರು. ಅವಳಿಗೆ ತಿಳಿಯದಿದ್ದರೆ ನಕ್ಕು ಮತ್ತೆ ಹೇಳುತ್ತಿದ್ದರು. ನಾನು ಎರಡನೇ ಸಲ ಏನಾದರೂ ಕೇಳಿದರೆ "ಕಿವಿ ಎಲ್ಲಿಟ್ಟಿದ್ಯೇ?" ಎನ್ನುವ ಮನುಷ್ಯ.

ಗಂಡನಿಗೆ ಮಾದಕವಸ್ತು ತಡೆಯುವ ಇಲಾಖೆಯಲ್ಲಿ ಕೆಲಸ. ನಮ್ಮ ದೇಶದಿಂದ ಹೊರಗೆ ಹೋಗುವ ಒಂದು ರಾಸಾಯನಿಕದ ಮೇಲೆ ಅವರ ಕಣ್ಣು. ಔಷಧಿ, ಬಣ್ಣದ ಕಾರ್ಖಾನೆಗಳಿಗೆ ಬೇಕಾಗುವ ಅದೇ ಸರಕು ಕಳ್ಳದಾರಿಯಲ್ಲಿ ಅಫ್ಘಾನಿಸ್ತಾನ ಸೇರಿದರೆ ಅಲ್ಲಿಯ ಅಫೀಮು ಹೆರಾಯಿನ್ ಆಗುತ್ತದೆ. ತರಿಸಿಕೊಳ್ಳುವವರು ನಿಜವಾದ ಕಾರ್ಖಾನೆಯವರೋ ಅಲ್ಲವೋ ಎಂದು ಆಯಾ ದೇಶದವರೇ ನೋಡಿ ಹೇಳಬೇಕು. ಹಾಗೆ ನೋಡಿ ಹೇಳುವ ಅಧಿಕಾರಿ ಇವಳು. ಇಷ್ಟೂ ನನಗೆ ಗೊತ್ತಿತ್ತು. ಗೊತ್ತಿದ್ದರೆ ಹೊಟ್ಟೆಕಿಚ್ಚು ಆರುತ್ತದೆಯೆ?

ಒಂದು ಸಲ ಅವಳ ದೇಶದ ಬಟ್ಟೆ ಬಣ್ಣದ ಕಾರ್ಖಾನೆಯೊಂದು ಪೀಪಾಯಿಗಟ್ಟಲೆ ಸರಕು ಬೇಕೆಂದಿತು. ಇವರಿಗೆ ಅನುಮಾನ ಬಂತು. ಅವಳು ಹಿಮದಲ್ಲಿ ಜೀಪು ಓಡಿಸಿಕೊಂಡು ಆ ವಿಳಾಸಕ್ಕೆ ಹೋದಳಂತೆ. ಅಲ್ಲಿದ್ದದ್ದು ಕುರಿದೊಡ್ಡಿ. ಪೀಪಾಯಿಗಳು ನಮ್ಮ ಬಂದರಿನಲ್ಲೇ ನಿಂತವು. ಆ ಸಂಜೆ ಗಂಡ ಮೈಸೂರುಪಾಕು ಕಟ್ಟಿಸಿಕೊಂಡು ಬಂದರು. ಪೊಟ್ಟಣ ನನ್ನ ಕೈಗೆ ಕೊಟ್ಟು, ಏನಾಯಿತೆಂದೂ ಹೇಳದೆ, ಮಹಡಿ ಮೆಟ್ಟಿಲ ಮೇಲೆ ಕೂತು ಮೊದಲು ಅವಳಿಗೆ ಫೋನ್ ಮಾಡಿದರು. ಒಳಗೆ ನಾನೂ ಮಗಳೂ ಪೊಟ್ಟಣ ಬಿಚ್ಚದೆ ಕಾದೆವು.

ಮುಂದೆ ಹಲವು ದೇಶಗಳ ಅಧಿಕಾರಿಗಳಿಗೆ ಬೆಂಗಳೂರಿನಲ್ಲಿ ತರಬೇತಿ ನಡೆಯಿತು. ಅವಳೂ ಬಂದಳು.

"ಭಾನುವಾರ ಊಟಕ್ಕೆ ಕರ್ದಿದೀನಿ ಕಣೇ. ಒಬ್ಬಟ್ಟು ಮಾಡ್ತೀಯಾ?"

"ಯಾಕ್ರೀ, ಒಬ್ಬಟ್ಟು ಇಷ್ಟ ಅಂತ ಫೋನಲ್ಲಿ ಹೇಳಿದ್ರಾ?"

"ಅವ್ರಿಗೆ ಒಬ್ಬಟ್ಟು ಅಂದ್ರೇನು ಅಂತಾನೇ ಗೊತ್ತಿಲ್ಲ." ನನ್ನ ಕೊಂಕು ಅವರಿಗೆ ತಾಗಲೇ ಇಲ್ಲ.

ಮದುವೆಯ ರೇಷ್ಮೆ ಸೀರೆ ಉಟ್ಟು ಬಾಗಿಲಲ್ಲಿ ನಿಂತೆ. ಅವಳು ಸಾಧಾರಣ ರೂಪಿನವಳಾಗಿರಲಿ ಎಂದು ಬೇಡಿಕೊಂಡಿದ್ದೆ. ದೇವರು ಕೇಳಿಸಿಕೊಂಡಿರಲಿಲ್ಲ. ನನಗಿಂತ ಚಿಕ್ಕವಳು, ನೀಳ ಮೂಗಿನ ಎತ್ತರದ ಹೆಣ್ಣು. ಮೇಲಿನ ಮನೆಯ ಆಂಟಿ ಕೂಡ ಬಗ್ಗಿ ನೋಡಿದರು.

ಊಟಕ್ಕೆ ಕೂತಾಗ ಇವರೇ ಎದ್ದು ಅವಳ ಒಬ್ಬಟ್ಟಿಗೆ ತುಪ್ಪ ಬಡಿಸಿದರು. ಇವರು ಮಿಳ್ಳೆ ಮುಟ್ಟಿದ್ದನ್ನು ನಾನು ನೋಡಿದ್ದು ಅಂದೇ. ನೀರು ತರುವ ನೆಪದಲ್ಲಿ ಅಡುಗೆಮನೆಗೆ ಹೋದೆ. ಅವಳು ಹಿಂದೆಯೇ ಬಂದಳು. ಕಿಟಕಿಯಾಚೆ ತಂತಿಯ ಮೇಲೆ ಮಗಳ ಯೂನಿಫಾರ್ಮು ಒಣಗುತ್ತಿತ್ತು. ಅದನ್ನೇ ನೋಡುತ್ತಾ ನಿಂತಳು.

"ನಿಮ್ಮ ಮಗಳು ಸ್ಕೂಲಿಗೆ ಒಬ್ಬಳೇ ಹೋಗ್ತಾಳಾ?" ಎಂದು ತನ್ನ ಮುರುಕು ಇಂಗ್ಲಿಷಿನಲ್ಲಿ ಕೇಳಿದಳು.

"ಹೂಂ. ಪಕ್ಕದ ರಸ್ತೆನೇ."

ಅವಳಿಗೂ ಅಷ್ಟೇ ವಯಸ್ಸಿನ ಮಗಳು. ಪೀಪಾಯಿಗಳು ಸಿಕ್ಕಿಬಿದ್ದ ಮೇಲೆ ಯಾರೋ ಇಬ್ಬರು ಆ ಹುಡುಗಿಯ ಶಾಲೆಯ ಬಳಿ ಬಂದು, ಯಾವ ಕ್ಲಾಸು, ಎಷ್ಟು ಹೊತ್ತಿಗೆ ಹೊರಗೆ ಬರುತ್ತಾಳೆ ಎಂದು ವಿಚಾರಿಸಿದ್ದರಂತೆ. ಮಾರನೆಯ ದಿನವೇ ಮಗುವನ್ನು ದೂರದಲ್ಲಿದ್ದ ಅಜ್ಜಿಯ ಹತ್ತಿರ ಕಳಿಸಿದ್ದಳು. ಎಲ್ಲಿ ಎಂದು ಯಾರಿಗೂ ಹೇಳುವ ಹಾಗಿರಲಿಲ್ಲ.

"ನಿಮ್ಮನ್ನ ನೋಡಿದ್ರೆ ನಂಗೆ ಹೊಟ್ಟೆಕಿಚ್ಚು," ಎಂದಳು, ಸರಿಯಾದ ಇಂಗ್ಲಿಷ್ ಪದಕ್ಕೆ ಸ್ವಲ್ಪ ತಡಕಾಡಿ.

ಬಾಳೆಲೆಯಲ್ಲಿ ಒಂದಿಷ್ಟು ಒಬ್ಬಟ್ಟು ಸುತ್ತಿ ಅವಳ ಚೀಲದಲ್ಲಿಟ್ಟೆ.

ಅವಳು ಊರಿಗೆ ಮರಳಿದ ಕೆಲವು ತಿಂಗಳಲ್ಲಿ ಬೆಳಗಿನ ಫೋನು ನಿಂತಿತು. ಅವಳ ಜಾಗಕ್ಕೆ ಬೇರೊಬ್ಬ ಬಂದಿದ್ದ. ಅವಳೆಲ್ಲಿ ಎಂದು ಅವನು ಬಾಯಿಬಿಡಲಿಲ್ಲ. ಇವರು ತಟ್ಟೆಯ ಮುಂದೆ ಕೂತು ದೋಸೆ ಮುರಿದು ಮುರಿದು ಬಿಡುತ್ತಿದ್ದರು. ಎಷ್ಟೋ ಬೆಳಗು ನಾನೇ ಬೇಡಿಕೊಂಡಿದ್ದ ಮೌನ ಅದು. ಈಗ ಹೆದರಿಕೆಯಾಗಿ "ಇನ್ನೊಂದ್ಸಲ ವಿಚಾರಿಸ್ರೀ" ಎಂದು ಪೀಡಿಸಿದೆ. ನನಗೆ ಟೈಫಾಯ್ಡ್ ಬಂದಾಗಲೂ ಇವರು ಹೀಗೆ ಊಟ ಬಿಟ್ಟಿರಲಿಲ್ಲವಲ್ಲ ಎಂದೂ ಅನ್ನಿಸುತ್ತಿತ್ತು.

ಕೊನೆಗೆ ಸುದ್ದಿ ಬಂತು. ಅವಳು ಕೇಳಿಕೊಂಡು ಅಲ್ಲಿನ ರಾಜಧಾನಿಗೆ ವರ್ಗ ಮಾಡಿಸಿಕೊಂಡಿದ್ದಾಳೆ, ಮಗಳು ಜೊತೆಗಿದ್ದಾಳೆ. ಗಂಡ ಸ್ಕೂಟರ್ ನಿಲ್ಲಿಸುವ ಮೊದಲೇ ಗೇಟಿನಿಂದ ಕೂಗಿ ಹೇಳಿದರು. ನನಗೂ ಹೋದ ಜೀವ ಬಂದಂತಾಯಿತು. ಅಂದಿನ ಊಟದಲ್ಲಿ ಇವರು ಮತ್ತೆ ಮತ್ತೆ ಅನ್ನ ಹಾಕಿಸಿಕೊಂಡರು. ಬಡಿಸುತ್ತಾ ಆ ಅರಳಿದ ಮುಖ ನೋಡಿದೆ. ತುಪ್ಪದ ಮಿಳ್ಳೆಯನ್ನು ಅವರ ಮುಂದೆ ಕುಕ್ಕಿ, "ಇದನ್ನ ನೀವೇ ಬಡಿಸ್ಕೊಳ್ಳಿ, ಬರುತ್ತಲ್ಲ" ಎಂದೆ.