ಹೂವಿಗೆ ಸುಳ್ಳು ಹೇಳುವವರು

ಕಿತ್ತಳೆ ತೋಟದಲ್ಲಿ ಎಲ್ಲರೂ ಅವರನ್ನು ಸಿಂಪಡಣೆ ಮೇಷ್ಟ್ರು ಎನ್ನುತ್ತಾರೆ. ಕೆಲಸವೇನೆಂದು ಕೇಳಿದರೆ, "ಹೂವಿಗೆ ಸುಳ್ಳು ಹೇಳೋದು" ಎನ್ನುವುದು ಅವರ ಮಾತು. "ಜೇನುನೊಣ ಬಂದು ಹೋಯ್ತು ಅಂತ ಹಾರ್ಮೋನ್ ಹೊಡೆದು ನಂಬಿಸ್ತೀನಿ. ಅದು ಪಾಪ, ನಂಬಿ ಬೀಜ ಇಲ್ದೇನೇ ಹಣ್ಣಾಗುತ್ತೆ. ಮನೇಲಿ ನನ್ನ ಮಾತು ನಂಬೋರು ಯಾರೂ ಇಲ್ವಲ್ಲ, ಅದಕ್ಕೇ ಈ ಕೆಲಸ ಹಿಡಿದೆ." ಬೆನ್ನಿಗೆ ಪಂಪು ಏರಿಸಿ, ಹಣೆಯ ಮೇಲಿರುವ ಕನ್ನಡಕವನ್ನೇ ಹುಡುಕುತ್ತ ಮೂರು ಮರ ಸುತ್ತುತ್ತಾರೆ. ಗಾಳಿಗೆ ಎದುರಾಗಿ ಸಿಂಪಡಿಸಿ, ಅರ್ಧ ದ್ರಾವಣ ತಮ್ಮ ಮೀಸೆಗೇ ಹೊಡೆದುಕೊಂಡು, "ಇಷ್ಟು ವರ್ಷ ನೆನೆದ್ರೂ ನಾನು ಮಾತ್ರ ಬೆಳೀಲಿಲ್ಲ ನೋಡಿ" ಎನ್ನುತ್ತಾರೆ. ಒಂದು ಮರದ ಒಂದೇ ಕೊಂಬೆಗೆ ಕೆಂಪು ದಾರ ಕಟ್ಟಿದ್ದಾರೆ. ಅದಕ್ಕೆ ಒಂದು ಹನಿಯೂ ತಾಗಕೂಡದು, ಅದರ ಹಣ್ಣಲ್ಲಿ ಬೀಜ ಇರಲೇಬೇಕು. ಯಾಕೆಂದು ಕೇಳಿದರೆ, "ಅದು ನನ್ನ ದಡ್ಡತನದ ಸ್ಮಾರಕ" ಎಂದು ನಗುತ್ತಾರೆ. ನಡೆದದ್ದು ಇಷ್ಟೇ. ಹಾಸಿಗೆ ಹಿಡಿದ, ಹಲ್ಲಿಲ್ಲದ ಅಮ್ಮನಿಗೆ ಸುಲಭವಾಗಲೆಂದು ತಮ್ಮ ಮೊದಲ ಬೀಜವಿಲ್ಲದ ಹಣ್ಣನ್ನು ಸುಲಿದು ಕೊಟ್ಟು, ಬೀಗುತ್ತ ಪಕ್ಕದ ಕೋಣೆಯಲ್ಲಿ ಕೂತರು. ಪ್ರತಿ ಮಧ್ಯಾಹ್ನ ಅಮ್ಮ ಸ್ಟೀಲ್ ಬಟ್ಟಲಿಗೆ ಬೀಜ ಉಗುಳುವ ಠಣ್ ಸದ್ದು ಅಂದು ಕೇಳಲೇ ಇಲ್ಲ. ಅಮ್ಮನಿಗೇನಾಯಿತೋ ಎನ್ನುತ್ತ, ಎದ್ದೆನೋ ಬಿದ್ದೆನೋ ಎಂದು ಓಡಿದರು. ಅಮ್ಮ ಆರಾಮವಾಗಿ ತೊಳೆ ಚೀಪುತ್ತಿದ್ದರು. "ಯಾಕೋ, ಹೀಗೆ ಓಡಿ ಬಂದೆ?" "ಸುಮ್ನೆ ಕಣಮ್ಮ." ಅಮ್ಮ ಮಗನ ಮುಖವನ್ನೊಮ್ಮೆ, ಖಾಲಿ ಬಟ್ಟಲನ್ನೊಮ್ಮೆ ನೋಡಿದರು. ಆಮೇಲೆ ಬಟ್ಟಲಿನ ಅಂಚನ್ನು ಉಗುರಿನಿಂದ ಠಣ್ ಎಂದು ಬಾರಿಸಿದರು.