ಅರ್ಧ ಕೊಯ್ತಾ ಆಗಬಾರದೆಂದು

ಮುಡಬಿ ದಾಟಿದರೆ ಸಿಗುವ ಕಬ್ಬಿನ ಹೊಲದಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಟ್ರ್ಯಾಕ್ಟರಿನ ಟ್ರಾಲಿಗೆ ಒರಗಿಸಿದ ಹಲಗೆಯ ಮೇಲೆ ಕಮಳಾಬಾಯಿ ಕಬ್ಬಿನ ಹೊರೆ ಹೊತ್ತು ಏರುತ್ತಾರೆ. ಹೊರೆ ಚೆಲ್ಲಿ, ಇಳಿದು ಬಂದು, ಮತ್ತೆ ತಲೆಗೆ ಸಿಂಬಿ ಇಟ್ಟುಕೊಳ್ಳುತ್ತಾರೆ. ಈ ಸಲದ್ದು ಗಂಡನ ಪಾಲಿನ ಹೊರೆ. ಗಂಡ ದತ್ತಾತ್ರಿ ಟ್ರಾಲಿಯ ಗಾಲಿಯ ಮರೆಯಲ್ಲಿ ಕಾಲು ಚಾಚಿ ಕೂತಿದ್ದಾರೆ. ಕೂಲಿಯವರನ್ನು ಕರೆತಂದು ದುಡಿಸುವ ಮುಕದ್ದಮ ತುಳಜಾರಾಮ ಆ ಕಡೆ ಬರುವುದರೊಳಗೆ ಅವರು ಎದ್ದು ನಿಲ್ಲಬೇಕು.

ಹುಲಸೂರ ಕಡೆಯ ಈ ಗಂಡಹೆಂಡಿರಿಗೆ ಕಬ್ಬು ಕಡಿಯುವವರ ಟೋಳಿಯಲ್ಲಿ ಇರುವ ಹೆಸರು ಒಂದೇ: ಕೊಯ್ತಾ. ಕೊಯ್ತಾ ಎಂದರೆ ಕಬ್ಬು ಕಡಿಯುವ ಕತ್ತಿ. ಇಬ್ಬರೂ ಕೂಡಿದರೆ ಒಂದು ಕೊಯ್ತಾ. ಒಬ್ಬರು ಬಿದ್ದರೆ ಉಳಿದವರು ಅರ್ಧ ಕೊಯ್ತಾ. ಮನುಷ್ಯರನ್ನು ಕಬ್ಬಿಣದ ಲೆಕ್ಕದಲ್ಲಿ ಎಣಿಸುವುದು ಇಲ್ಲಿ ಯಾರಿಗೂ ವಿಚಿತ್ರವೆನಿಸುವುದಿಲ್ಲ, ಅದೇ ಸಂಕಟ. ಅರ್ಧ ಕೊಯ್ತಾವನ್ನು ಮುಂದಿನ ಹಂಗಾಮಿಗೆ ತುಳಜಾರಾಮ ಕರೆಯುವುದಿಲ್ಲ.

ಹೋದ ಹಂಗಾಮಿನಿಂದ ದತ್ತಾತ್ರಿಯ ಕಾಲುಗಳು ಹಲಗೆಯ ನಡುವೆಯೇ ಕೈಕೊಡುತ್ತಿವೆ. "ಕಾಲು ಅದಾವ್ರಿ, ಆದ್ರ ನನ್ನ ಮಾತು ಕೇಳಂಗಿಲ್ಲ," ಎಂದು ನಗಲು ನೋಡುತ್ತಾರೆ.

ಯಾರದೋ ಫೋನಿನ ವಿಡಿಯೊದಲ್ಲಿ ಕಮಳಾಬಾಯಿ ಒಂದು ಮಾತು ಕೇಳಿದರು: ಪೊಟ್ಯಾಸಿಯಂ ಕಡಿಮೆಯಾದರೆ ಕಾಲಿನ ಬಲ ಹೋಗುತ್ತದೆ. ಅವರಿಗೆ ಗೊತ್ತಿದ್ದದ್ದು ಹೊಲಕ್ಕೆ ಹಾಕುವ ಪೊಟ್ಯಾಶ್. "ಪೊಟ್ಯಾಶ್ ಹಾಕಿದ ಕಬ್ಬು ಗಾಳಿಗೂ ಬೀಳಂಗಿಲ್ರಿ. ಮನಶ್ಯಾಗೂ ಹಂಗ ಇರಬೇಕು ಅಂದ್ಕೊಂಡೆ." ಚೀಲದ ತಳದಲ್ಲಿ ಉಳಿದಿದ್ದ ಗೊಬ್ಬರವನ್ನು ನೀರಿನಲ್ಲಿ ಕದಡಿ ಕೊಟ್ಟರು. ಹೆಂಡತಿ ಕೊಟ್ಟಿದ್ದೆಂದು ದತ್ತಾತ್ರಿ ಮರುಮಾತಿಲ್ಲದೆ ಕುಡಿದರು. ಹೊಟ್ಟೆಯೆಲ್ಲ ಉರಿ, ನಿಲ್ಲದ ವಾಂತಿ. ಹುಮನಾಬಾದಿನ ಆಸ್ಪತ್ರೆಗೆ ಎತ್ತಿಕೊಂಡು ಹೋಗಬೇಕಾಯಿತು.

ಅಲ್ಲಿನ ನರ್ಸ್ ವಿದ್ಯಾವತಿ ಮೊದಲು ಬೈದರು. "ಪೊಟ್ಯಾಶ್ ಹೆಚ್ಚಾಗಿ ಎದಿ ನಿಂತಿದ್ರ ಏನ್ ಮಾಡ್ತಿದ್ದಿ ಅಕ್ಕಾ?" ಆಮೇಲೆ ಪಕ್ಕ ಕೂರಿಸಿಕೊಂಡು ಬಿಡಿಸಿ ಹೇಳಿದರು. ಹೊರೆ ಹೊತ್ತು ಏರುವಂಥ ಬಿರುಸಿನ ದುಡಿಮೆಯಲ್ಲಿ ಸ್ನಾಯುವಿನ ಒಳಗಿನ ಪೊಟ್ಯಾಸಿಯಂ ಹೊರಗೆ ಸೋರಿ ಅದರ ಸುತ್ತಲೇ ಜಮೆಯಾಗುತ್ತದೆ. ಆಗ ನರ ಕೊಟ್ಟ ಹುಕುಂ ಸ್ನಾಯುವಿಗೆ ಸರಿಯಾಗಿ ನಾಟುವುದಿಲ್ಲ. ದಣಿವಿಗೆ ಬೇರೆ ಕಾರಣಗಳೂ ಇವೆ, ಇದೂ ಒಂದು. ತುಸು ಹೊತ್ತು ಕೂತರೆ ಅದು ತಾನಾಗಿ ಒಳಗೆ ಹೋಗುತ್ತದೆ. "ಕುಡಿಸೋದೇನೂ ಬ್ಯಾಡ, ನಡುನಡುವ ಕುಂದ್ರಸು," ಎಂದರು.

ಕೂರುವುದು! ಟೋಳಿಯಲ್ಲಿ ಸಿಗದ ಔಷಧಿ ಅದೊಂದೇ. ಹಲಗೆಯ ಮೇಲೆ ಒಬ್ಬರು ನಿಂತರೆ ಹಿಂದಿನವರೆಲ್ಲ ತಲೆಯ ಭಾರ ಹೊತ್ತೇ ನಿಲ್ಲಬೇಕು. ಕೂತವರ ಹೊರೆಯನ್ನು ಯಾರಾದರೂ ಹೊರಲೇಬೇಕು. ಹಾಗಾಗಿ ಕಮಳಾಬಾಯಿ ತಮ್ಮದೊಂದು, ಗಂಡನದೊಂದು ಎಂದು ಮುಕದ್ದಮನ ಕಣ್ಣು ತಪ್ಪಿಸಿ ಹೊರುತ್ತಾರೆ.

ಟ್ರಾಲಿ ತುಂಬಿ ಕಾರ್ಖಾನೆಯತ್ತ ಹೊರಟ ಮೇಲೆ ಕಮಳಾಬಾಯಿ ಬದುವಿನ ಮೇಲೆ ಕುಸಿಯುತ್ತಾರೆ. ಪತ್ರಿಕೆಗೆ ಬರೆಯಲು ಬಂದ ನಾನು ನಿಮಗೇನು ಬೇಕು ಎಂದು ಕೇಳಿದರೆ, "ಅವರು ಹಿಂಗ ಕುಂತಿರ್ಲಿ, ಅಷ್ಟ ಸಾಕ್ರಿ," ಎನ್ನುತ್ತಾರೆ. ತೊಡೆ ಒತ್ತಿಕೊಳ್ಳುತ್ತ, ಗಂಡನತ್ತ ಒಮ್ಮೆ ನೋಡಿ ದನಿ ತಗ್ಗಿಸುತ್ತಾರೆ.

"ಈಗೀಗ ನನ್ನ ಕಾಲೂ ಹಲಗಿ ಮ್ಯಾಲ ಸೋಲಾಕತ್ತಾವ. ಅವರಿಗೆ ಹೇಳಿಲ್ರಿ. ಗೊತ್ತಾದ್ರ ಕುಂದ್ರೋದು ಬಿಟ್ಟು ಹೊರಾಕ ಏಳ್ತಾರ. ನೀವು ಬರೀರಿ, ಚಿಂತಿಲ್ಲ. ಮುಕದ್ದಮ ಓದೋದು ಮರಾಠಿ ಪೇಪರ. ನಮ್ಮವರಿಗೆ ಓದಾಕ ಬರಂಗಿಲ್ಲ."